ಉಡುಗೊರೆಗೊಂದು ಉತ್ತರ

ಕೊಡುವುದು ಮತ್ತು ಪಡೆಯುವುದು ಮನುಷ್ಯರ ಬಾಳಿನಲ್ಲಿ ಎಡೆಬಿಡದೆ ನಡೆಯುವ ವ್ಯವಹಾರಗಳು. ತೊಟ್ಟಿಲಲ್ಲಿ ಮಲಗಿರುವ ಕೂಸಿಗೆ ಅಜ್ಜಿ ತರುವ ಕುಲಾವಿ, ಹಬ್ಬಕ್ಕೆ ತವರಿನಿಂದ ಬರುವ ಸೀರೆ, ಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗನಿಗೆ ಚಿಕ್ಕಪ್ಪ ಕೊಡಿಸುವ ಲೇಖನಿ, ಮದುವೆಯ ಮನೆಗೆ ನೆಂಟರು ಹೊತ್ತು ತರುವ ಪಾತ್ರೆಗಳು—ಇವೆಲ್ಲವೂ ಉಡುಗೊರೆಗಳೇ. ಕೊಡುವ ಕಲೆಯನ್ನು ಕುರಿತು ಹಿರಿಯರು ಬಹಳ ಹೇಳಿದ್ದಾರೆ. ದಾನವನ್ನು ಹೊಗಳದ ಶಾಸನವಿಲ್ಲ; ದಾನಿಯನ್ನು ಕೊಂಡಾಡದ ಊರಿಲ್ಲ. ಆದರೆ ಪಡೆಯುವುದೂ ಒಂದು ಕಲೆಯೆಂಬುದು ಅಷ್ಟಾಗಿ ಜನರ ಲಕ್ಷ್ಯಕ್ಕೆ ಬರುವುದಿಲ್ಲ. ಕೊಟ್ಟವರ ಕೈ ಕೆಳಗಿಳಿದ ಮೇಲೆ ಪಡೆದವರ ಕರ್ತವ್ಯವು ಆರಂಭವಾಗುತ್ತದೆ. ಆ ಕರ್ತವ್ಯಗಳಲ್ಲಿ ಮೊದಲನೆಯದು, ಕೊಟ್ಟವರಿಗೆ ಒಂದು ಮಾತನ್ನು ತಿಳಿಸುವುದು.

‘ಕೃತಜ್ಞತೆ’ ಎಂಬ ಪದವನ್ನು ಬಿಡಿಸಿ ನೋಡಿದರೆ ಈ ಕರ್ತವ್ಯದ ಸ್ವರೂಪವು ಸ್ಪಷ್ಟವಾಗುತ್ತದೆ. ‘ಕೃತ’ ಎಂದರೆ ಮಾಡಿದ್ದು. ‘ಜ್ಞ’ ಎಂದರೆ ಬಲ್ಲವನು. ಇನ್ನೊಬ್ಬರು ತನಗಾಗಿ ಏನು ಮಾಡಿದರೆಂಬುದನ್ನು ಬಲ್ಲವನೇ ಕೃತಜ್ಞನು. ಇದಕ್ಕೆ ವಿರುದ್ಧವಾದುದು ‘ಕೃತಘ್ನ’. ‘ಘ್ನ’ ಎಂದರೆ ಕೊಲ್ಲುವವನು. ಮಾಡಿದ ಉಪಕಾರವನ್ನು ಕೊಲ್ಲುವವನು ಕೃತಘ್ನನು. ಗಮನಿಸಬೇಕಾದ ಅಂಶವೆಂದರೆ, ಈ ಪದಗಳಲ್ಲಿ ಎಲ್ಲಿಯೂ ‘ಹಿಂದಿರುಗಿಸುವುದು’ ಎಂಬ ಅರ್ಥವಿಲ್ಲ. ತಿಳಿಯುವುದು ಒಂದು ಕಡೆ, ಕೊಲ್ಲುವುದು ಇನ್ನೊಂದು ಕಡೆ. ನಡುವೆ ಬೇರೆ ಜಾಗವೇ ಇಲ್ಲ. ಉಪಕಾರವನ್ನು ಕೊಲ್ಲಲು ಕೇಡು ಬಗೆಯಬೇಕಾಗಿಲ್ಲ; ಸುಮ್ಮನಿದ್ದರೂ ಸಾಕು, ಅದು ತಾನಾಗಿಯೇ ಸಾಯುತ್ತದೆ. ‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎಂಬ ಗಾದೆಯೂ ನೆನೆಯುವುದನ್ನೇ ಹೇಳುತ್ತದೆ, ಉಪ್ಪನ್ನು ಅಳೆದು ಹಿಂದಕ್ಕೆ ಕೊಡುವುದನ್ನಲ್ಲ.

ಆದರೂ ಕನ್ನಡ ನಾಡಿನ ಹಳೆಯ ಪದ್ಧತಿಯಲ್ಲಿ ಹಿಂದಿರುಗಿಸುವುದಕ್ಕೆ ಒಂದು ಗೌರವದ ಸ್ಥಾನವಿದೆ. ಮದುವೆ ಮುಂತಾದ ಶುಭಕಾರ್ಯಗಳಲ್ಲಿ ನೆಂಟರಿಷ್ಟರು ಕೊಡುವ ಹಣಕ್ಕೂ ವಸ್ತುಗಳಿಗೂ ‘ಮುಯ್ಯಿ’ ಎಂದು ಹೆಸರು. ಉತ್ತರ ಕರ್ನಾಟಕದ ಕಡೆ ಬಂಧುಗಳು ಕೊಡುವ ಬಟ್ಟೆಬರೆಗಳ ಉಡುಗೊರೆಗೆ ‘ಆಯಾರ’ ಎನ್ನುವುದುಂಟು. ಮದುವೆಯ ಚಪ್ಪರದ ಒಂದು ಮೂಲೆಯಲ್ಲಿ ಮನೆಯ ನಂಬಿಕೆಯ ಮನುಷ್ಯನೊಬ್ಬನು ಪುಸ್ತಕ ಹಿಡಿದು ಕುಳಿತು, ಯಾರು ಏನು ಕೊಟ್ಟರೆಂಬುದನ್ನು ಒಂದೊಂದಾಗಿ ಬರೆದುಕೊಳ್ಳುತ್ತಾನೆ. ಆ ಪುಸ್ತಕವು ಮನೆಯ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇರುತ್ತದೆ. ಕೊಟ್ಟವರ ಮನೆಯಲ್ಲಿ ಶುಭಕಾರ್ಯವಾದಾಗ ಅದನ್ನು ತೆರೆದು ನೋಡಿ, ಪಡೆದುದಕ್ಕೆ ಕಡಮೆಯಾಗದಂತೆ ಕೊಟ್ಟು ಬರುತ್ತಾರೆ. ಹೊಲದ ಕೆಲಸದಲ್ಲಿಯೂ ಹೀಗೆಯೇ. ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗಿ ದುಡಿದರೆ, ಅವರು ಇವರ ಗದ್ದೆಗೆ ಬಂದು ದುಡಿಯುತ್ತಾರೆ. ಇವರನ್ನು ‘ಮುಯ್ಯಾಳು’ ಎನ್ನುತ್ತಾರೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞರಾದ ಮಾರ್ಸೆಲ್ ಮೋಸ್ ಎಂಬವರು 1925ರಲ್ಲಿ ಉಡುಗೊರೆಯನ್ನು ಕುರಿತು ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ, ಕೊಡುವುದು, ಸ್ವೀಕರಿಸುವುದು, ಹಿಂದಿರುಗಿಸುವುದು ಎಂಬ ಮೂರು ಕಟ್ಟುಪಾಡುಗಳು ಹಲವು ಸಮಾಜಗಳಲ್ಲಿ ಕಂಡುಬರುತ್ತವೆಂದು ವಿವರಿಸಿದ್ದಾರೆ. ಮುಯ್ಯಿಯ ಪುಸ್ತಕವು ಆ ಮಾತಿಗೆ ಒಂದು ಒಳ್ಳೆಯ ನಿದರ್ಶನ.

ಆದರೆ ಎಲ್ಲ ಉಡುಗೊರೆಗಳೂ ಮುಯ್ಯಿಯಲ್ಲ. ಹಿರಿಯರು ಕಿರಿಯರಿಗೆ ಪ್ರೀತಿಯಿಂದ ಕೊಟ್ಟದ್ದನ್ನು ಯಾವ ಪುಸ್ತಕದಲ್ಲಿಯೂ ಬರೆದಿಡುವುದಿಲ್ಲ. ಅದನ್ನು ತೀರಿಸುವುದೂ ಸಾಧ್ಯವಿಲ್ಲ. ಅಂತಹ ಉಡುಗೊರೆಗೆ ಉತ್ತರವೇನು? ಕುಚೇಲನ ಕಥೆಯು ಇದಕ್ಕೆ ಒಂದು ದಾರಿಯನ್ನು ತೋರಿಸುತ್ತದೆ. ಬಡವನಾದ ಕುಚೇಲನು ಬಾಲ್ಯದ ಗೆಳೆಯನಾದ ಕೃಷ್ಣನನ್ನು ಕಾಣಲು ಹೊರಟಾಗ ಬಟ್ಟೆಯ ತುಂಡಿನಲ್ಲಿ ಅವಲಕ್ಕಿಯನ್ನು ಕಟ್ಟಿಕೊಂಡು ಹೋದನು. ಅರಮನೆಯ ವೈಭವವನ್ನು ಕಂಡ ಮೇಲೆ ಅದನ್ನು ಕೊಡಲು ನಾಚಿ ಮರೆಮಾಡಿದನು. ಕೃಷ್ಣನಾದರೋ ಆ ಗಂಟನ್ನು ತಾನೇ ಹುಡುಕಿ ಬಿಚ್ಚಿ, ಒಂದು ಹಿಡಿಯನ್ನು ಬಾಯಿಗೆ ಹಾಕಿಕೊಂಡು ಸವಿದನು. ಮುಂದೆ ಕುಚೇಲನಿಗೆ ದೊರೆತ ಸಿರಿಯನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಕುಚೇಲನ ನಾಚಿಕೆ ಕರಗಿದ್ದು ಸಿರಿಯಿಂದಲ್ಲ, ಆ ಒಂದು ಹಿಡಿಯನ್ನು ಸವಿದ ರೀತಿಯಿಂದ. ತಂದ ವಸ್ತುವನ್ನು ಗುರುತಿಸಿ, ಅದನ್ನು ಕೊಟ್ಟವನ ಕಣ್ಣೆದುರಿನಲ್ಲಿಯೇ ಬಳಸಿ ಸಂತೋಷಪಡುವುದು ಪಡೆಯುವವನ ಸೌಜನ್ಯದ ಉತ್ತಮವಾದ ಮಾದರಿ.

ಕೊಟ್ಟವರು ಎದುರಿಗೆ ಇರುವಾಗ ಮಾತೇ ಬೇಕಾಗುವುದಿಲ್ಲ. ಅಜ್ಜಿ ಹೊಲಿಸಿದ ಲಂಗವನ್ನು ಉಟ್ಟುಕೊಂಡು ಬಂದು ಅವಳ ಕಾಲಿಗೆ ಎರಗಿದ ಮೊಮ್ಮಗಳು ಬಾಯಿಬಿಟ್ಟು ‘ಧನ್ಯವಾದ’ ಎನ್ನಬೇಕಾಗಿಲ್ಲ. ಹಾಗೆ ಅಂದರೆ ಅಜ್ಜಿಗೆ ಅದು ಹೊರಗಿನವರ ಮಾತಿನಂತೆ ಕೇಳಿಸೀತು. ಮನೆಯವರೊಳಗೆ ನಗೆ, ನಮಸ್ಕಾರ, ಕಣ್ಣಿನ ಹೊಳಪು ಇವೇ ಉತ್ತರಗಳು. ಕನ್ನಡಿಗರು ಮಾತುಮಾತಿಗೆ ವಂದನೆ ಹೇಳುವುದಿಲ್ಲವೆಂದು ಹೊರಗಿನವರಿಗೆ ತೋರಿದರೆ, ಅದು ಕೃತಜ್ಞತೆಯ ಕೊರತೆಯಲ್ಲ. ಅದನ್ನು ತೋರುವ ರೀತಿ ಬೇರೆ, ಅಷ್ಟೆ. ಆದರೆ ಕೊಟ್ಟವರು ದೂರದಲ್ಲಿದ್ದರೆ ನಗೆಯೂ ನಮಸ್ಕಾರವೂ ಅವರಿಗೆ ಕಾಣಿಸುವುದಿಲ್ಲ. ಆಗ ಆ ಕೆಲಸವನ್ನು ಅಕ್ಷರಗಳೇ ಮಾಡಬೇಕಾಗುತ್ತದೆ.

ಹೀಗೆ ಅಕ್ಷರಗಳ ಮೂಲಕ ಉತ್ತರ ಕಳುಹಿಸುವುದು ಸಾಮಾನ್ಯ ಜನರಿಗೆ ಸುಲಭವಾದದ್ದು ಅಂಚೆಯ ಸುಧಾರಣೆಯಾದ ಮೇಲೆಯೇ. ಇಂಗ್ಲೆಂಡಿನಲ್ಲಿ 1840ಕ್ಕೆ ಮೊದಲು ಪತ್ರದ ದರವನ್ನು ದೂರಕ್ಕೆ ಅನುಸಾರವಾಗಿ ವಿಧಿಸುತ್ತಿದ್ದರು. ಸಾಮಾನ್ಯವಾಗಿ ಪತ್ರವನ್ನು ಪಡೆದವರೇ ಅದನ್ನು ತೆರಬೇಕಾಗಿತ್ತು. ಉಡುಗೊರೆ ಕೊಟ್ಟವರಿಗೆ ವಂದನೆಯ ಪತ್ರ ಬರೆದರೆ, ಕೊಟ್ಟವರೇ ಮತ್ತೆ ಹಣ ತೆತ್ತು ಅದನ್ನು ಬಿಡಿಸಿಕೊಳ್ಳಬೇಕಾದ ವಿಚಿತ್ರ ಪರಿಸ್ಥಿತಿ ಅದು! 1840ರಲ್ಲಿ ಎಷ್ಟು ದೂರಕ್ಕಾದರೂ ಒಂದು ಪೆನ್ನಿಯ ದರವು ಜಾರಿಗೆ ಬಂದು, ಬರೆದವರೇ ಮುಂಗಡವಾಗಿ ಹಣ ತೆರುವುದು ರೂಢಿಯಾಯಿತು. ಭಾರತದಲ್ಲಿ 1854ರಲ್ಲಿ ದೂರವನ್ನು ಲೆಕ್ಕಿಸದೆ ತೂಕಕ್ಕೆ ಅನುಸಾರವಾಗಿ ಅರ್ಧ ಆಣೆಯಿಂದ ಆರಂಭವಾಗುವ ಅಂಚೆಯ ದರ ಬಂದಿತು. 1879ರಲ್ಲಿ ಕಾಲಾಣೆಯ ಅಂಚೆ ಕಾರ್ಡು ಹೊರಟಿತು. ಅಂದಿನಿಂದ, ದೂರದ ಊರಿನಿಂದ ಬಂದ ಉಡುಗೊರೆಗೆ ಉತ್ತರ ಕೊಡಲು ಬಡತನವು ಅಡ್ಡಿಯೆಂದು ಹೇಳುವುದು ಕಷ್ಟವಾಯಿತು. ಉಳಿದ ಅಡ್ಡಿಯೆಂದರೆ ಮನಸ್ಸಿನ ಆಲಸ್ಯ ಮತ್ತು ಸಂಕೋಚ.

ಈ ಸಂಕೋಚವು ಹೇಗೆ ಹುಟ್ಟುತ್ತದೆಂಬುದನ್ನು ಒಂದು ಸಂದರ್ಭದ ಮೂಲಕ ತಿಳಿಯಬಹುದು. ದೂರವಾಣಿಯು ಮನೆಮನೆಗೆ ಬಾರದಿದ್ದ ದಿನಗಳು. ಮಲೆನಾಡಿನ ಒಂದು ಹಳ್ಳಿಯಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬನಿದ್ದನೆಂದು ಊಹಿಸಿಕೊಳ್ಳಬಹುದು. ಅವನ ಸೋದರಮಾವ ದೆಹಲಿಯಲ್ಲಿ ನೌಕರಿಯಲ್ಲಿದ್ದರು. ಮಾಗಿಯ ಚಳಿಗೆಂದು ಮಾವನವರು ಉಣ್ಣೆಯನ್ನು ಕೊಂಡು ತಂದರು. ಅತ್ತೆಯವರು ರಾತ್ರಿಯ ಹೊತ್ತು ಮನೆಗೆಲಸವೆಲ್ಲ ಮುಗಿದ ಮೇಲೆ ಕುಳಿತು ಒಂದು ಸ್ವೆಟರನ್ನು ಹೆಣೆದರು. ಅದನ್ನು ಬಟ್ಟೆಯಲ್ಲಿ ಸುತ್ತಿ, ಹೊಲಿದು, ವಿಳಾಸ ಬರೆದು ಅಂಚೆಗೆ ಹಾಕಿದರು. ಹುಡುಗನಿಗೆ ಗಂಟು ತಲುಪಿತು. ಅವನು ಸಂಭ್ರಮದಿಂದ ಬಿಚ್ಚಿ ತೊಟ್ಟು ನೋಡಿದರೆ, ತೋಳುಗಳು ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲಕ್ಕೇ ನಿಂತುವು. ಹಿಂದಿನ ಬೇಸಗೆಯಲ್ಲಿ ಮಾವನವರು ಬಂದು ಹೋದ ಮೇಲೆ ಅವನು ಅಷ್ಟು ಬೆಳೆದಿದ್ದನು.

ಹುಡುಗನು ಪತ್ರ ಬರೆಯಲು ಕುಳಿತನು. ಸ್ವೆಟರು ಚೆನ್ನಾಗಿ ಹೊಂದುತ್ತದೆಯೆಂದು ಬರೆದರೆ ಅದು ಸುಳ್ಳು. ಗಿಡ್ಡವಾಯಿತೆಂದು ಬರೆದರೆ ಅತ್ತೆಯವರಿಗೆ ನೋವು. ಎರಡಕ್ಕೂ ಮನಸ್ಸು ಒಡಂಬಡದೆ ನಾಳೆ ಬರೆಯೋಣವೆಂದು ಎದ್ದನು. ನಾಳೆ ನಾಡಿದ್ದಾಯಿತು, ವಾರವಾಯಿತು, ಎರಡು ವಾರಗಳಾದುವು. ಈಗ ಸ್ವೆಟರಿನ ಸಂಕೋಚದ ಜೊತೆಗೆ ತಡಮಾಡಿದ ಸಂಕೋಚವೂ ಸೇರಿಕೊಂಡಿತು. ಇತ್ತ ದೆಹಲಿಯಲ್ಲಿ ಗಂಟು ತಲುಪಿತೋ, ದಾರಿಯಲ್ಲಿಯೇ ಕಳೆದುಹೋಯಿತೋ ತಿಳಿಯದೆ ಮಾವನವರು ಚಿಂತಿಸುತ್ತಿದ್ದರು. ತಲುಪಿತೇ ಎಂದು ಕೇಳಿ ಬರೆದರೆ ಹೊಗಳಿಕೆಗೆ ಕೈಯೊಡ್ಡಿದಂತಾದೀತೆಂಬ ಅಳುಕು. ಕೇಳದಿದ್ದರೆ ಅತ್ತೆಯವರ ಮೌನವನ್ನು ನೋಡುವ ಕಷ್ಟ. ಹೀಗೆ ಪ್ರೀತಿಯಿಂದ ಕಳುಹಿಸಿದ ಒಂದು ಉಡುಗೊರೆಯು ಎರಡು ಮನೆಗಳಲ್ಲಿಯೂ ಭಾರವಾಗಿ ಕುಳಿತಿತು. ಇದರಲ್ಲಿ ಯಾರೂ ಕೆಟ್ಟವರಲ್ಲ. ಯಾರಿಗೂ ಪ್ರೀತಿ ಕಡಮೆಯಿಲ್ಲ. ಇಲ್ಲದಿದ್ದುದು ಒಂದು ಕಾರ್ಡು ಮಾತ್ರ.

ಕೊನೆಗೆ ಮೊಮ್ಮಗನ ಪೇಚಾಟವನ್ನು ಕಂಡ ಅಜ್ಜಿ ಕೇಳಿದಳು: “ಅವಳು ಕೂತು ಹೆಣೆದದ್ದು ಸುಳ್ಳೇನೋ?”

“ಅಲ್ಲ ಅಜ್ಜಿ.”

“ನಿನಗೆ ಬಂದು ಮುಟ್ಟಿದ್ದು ಸುಳ್ಳೇ?”

“ಅಲ್ಲ.”

“ನೀನು ಬೆಳೆದದ್ದು ಸುಳ್ಳೇ? ಇಲ್ಲವಲ್ಲ. ಹಾಗಾದರೆ ಇದ್ದದ್ದನ್ನು ಇದ್ದ ಹಾಗೆ ಬರೆ. ಬರೆಯುವಾಗ ಅವಳ ಮುಖ ನೆನಪಿಟ್ಟುಕೊ, ಸಾಕು.”

ಹುಡುಗನು ಬರೆದ ಪತ್ರ ಹೀಗಿತ್ತು:

“ತೀರ್ಥರೂಪ ಸಮಾನರಾದ ಮಾವನವರಿಗೂ ಮಾತೃಶ್ರೀ ಸಮಾನರಾದ ಅತ್ತೆಯವರಿಗೂ ನಿಮ್ಮ ಸೋದರಳಿಯನು ಮಾಡುವ ನಮಸ್ಕಾರಗಳು. ಇಲ್ಲಿ ಅಜ್ಜಿ, ಅಪ್ಪ, ಅಮ್ಮ, ತಮ್ಮ ಎಲ್ಲರೂ ಕ್ಷೇಮ. ನೀವು ಕಳುಹಿಸಿದ ನೀಲಿ ಬಣ್ಣದ ಸ್ವೆಟರು ತಲುಪಿ ಇಪ್ಪತ್ತು ದಿನಗಳಾದುವು. ಇಷ್ಟು ದಿನ ತಿಳಿಸದೆ ಇದ್ದುದು ನನ್ನ ತಪ್ಪು, ಕ್ಷಮಿಸಬೇಕು. ರಾತ್ರಿ ಕೆಲಸವೆಲ್ಲ ಮುಗಿದ ಮೇಲೆ ಕುಳಿತು ಅತ್ತೆ ಹೆಣೆದಿರಬೇಕೆಂದು ಅಮ್ಮ ಹೇಳಿದರು. ಎದೆಯ ಮೇಲಿನ ಎರಡು ಬಿಳಿಯ ಪಟ್ಟಿಗಳನ್ನು ನೋಡಿ ಪಕ್ಕದ ಮನೆಯವರು ಮಾದರಿ ಕೇಳಿದರು. ಮಾವ ಬಂದು ಹೋದ ಮೇಲೆ ನಾನು ಉದ್ದವಾಗಿಬಿಟ್ಟಿದ್ದೇನೆ. ಆದ್ದರಿಂದ ತೋಳು ನನಗೆ ಗಿಡ್ಡವಾಯಿತು. ತಮ್ಮನಿಗೆ ಅಳತೆ ತೆಗೆದು ಮಾಡಿದ ಹಾಗೆ ಹೊಂದಿದೆ. ಬೆಳಗಿನ ಮಂಜಿನಲ್ಲಿ ಅದನ್ನು ಹಾಕಿಕೊಂಡೇ ಶಾಲೆಗೆ ಬರುತ್ತಾನೆ. ಬಿಸಿಲು ಬಂದರೂ ತೆಗೆಯುವುದಿಲ್ಲ. ಅಷ್ಟು ದೂರದಲ್ಲಿದ್ದರೂ ಇಲ್ಲಿಯ ಚಳಿಯನ್ನು ನೆನೆದು ನೀವು ಕಳುಹಿಸಿದ್ದು ನಮಗೆಲ್ಲ ಬಹಳ ಸಂತೋಷ. ಬೇಸಗೆಯಲ್ಲಿ ತಪ್ಪದೆ ಬರಬೇಕು.”

ಈ ಪತ್ರದಲ್ಲಿ ಪಾಂಡಿತ್ಯವಿಲ್ಲ. ಆದರೂ ಇಂತಹ ಪತ್ರದಲ್ಲಿ ಇರಬೇಕಾದುದೆಲ್ಲ ಇದೆ. ಮೊದಲನೆಯದಾಗಿ, ವಸ್ತುವು ತಲುಪಿತೆಂಬ ಸುದ್ದಿಯಿದೆ. ದೂರದಲ್ಲಿರುವವರಿಗೆ ಮಿಕ್ಕ ಎಲ್ಲ ಮಾತುಗಳಿಗಿಂತ ಇದು ಮುಖ್ಯ. ಎರಡನೆಯದಾಗಿ, ವಸ್ತುವಿನ ಹೆಸರಿದೆ. ‘ನಿಮ್ಮ ಉಡುಗೊರೆ ಬಂದಿತು’ ಎಂದು ಬರೆದರೆ ಅದು ಯಾರಿಗೆ ಬೇಕಾದರೂ ಬರೆದ ಪತ್ರವಾಗುತ್ತದೆ. ‘ನೀಲಿ ಬಣ್ಣದ ಸ್ವೆಟರು’, ‘ಎರಡು ಬಿಳಿಯ ಪಟ್ಟಿಗಳು’ ಎಂದಾಗ, ಪಡೆದವನು ಅದನ್ನು ಕಣ್ಣಿಟ್ಟು ನೋಡಿದನೆಂಬುದು ಕೊಟ್ಟವರಿಗೆ ತಿಳಿಯುತ್ತದೆ. ಮೂರನೆಯದಾಗಿ, ಆ ವಸ್ತುವಿನ ಹಿಂದಿರುವ ಶ್ರಮದ ಅರಿವಿದೆ. ಉಣ್ಣೆಗೆ ಬೆಲೆ ಕಟ್ಟಬಹುದು. ರಾತ್ರಿಯ ನಿದ್ದೆಗೆ ಬೆಲೆಯಿಲ್ಲ. ನಾಲ್ಕನೆಯದಾಗಿ, ಅದು ಹೇಗೆ ಬಳಕೆಯಾಗುತ್ತಿದೆಯೆಂಬ ಚಿತ್ರವಿದೆ. ಐದನೆಯದಾಗಿ, ಸುಳ್ಳಿಲ್ಲ. ಸೌಜನ್ಯಕ್ಕಾಗಿ ಸುಳ್ಳು ಹೇಳಬೇಕೆಂಬ ನಿಯಮವಿಲ್ಲ. ನಿಜವನ್ನು ಆಕ್ಷೇಪಣೆಯಂತೆ ಹೇಳಬಾರದು, ಅಷ್ಟೆ. ಹೆಣೆದವರ ಅಳತೆ ತಪ್ಪಿತೆಂದು ಬರೆಯುವುದಕ್ಕೂ, ತಾನು ಬೆಳೆದೆನೆಂದು ಬರೆಯುವುದಕ್ಕೂ ಬಹಳ ಅಂತರವಿದೆ.

ಬರೆಯಬಾರದ ಮಾತುಗಳೂ ಕೆಲವಿವೆ. ಉಡುಗೊರೆಯ ಬೆಲೆಯನ್ನು ಪತ್ರದಲ್ಲಿ ಎತ್ತಬಾರದು. ‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ’ ಎಂಬ ಗಾದೆಯು ಹೀಗೆ ಅಳೆದು ನೋಡುವ ಬುದ್ಧಿಯನ್ನೇ ಹಾಸ್ಯ ಮಾಡುತ್ತದೆ. ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರು ಕೊಟ್ಟದ್ದರೊಡನೆ ಹೋಲಿಸಬಾರದು. ವಂದನೆಯ ಪತ್ರದ ಬಾಲಕ್ಕೆ ಹೊಸ ಬೇಡಿಕೆಯನ್ನು ಕಟ್ಟಬಾರದು. ಹಾಗೆ ಮಾಡಿದರೆ ಮೇಲಿನ ಒಳ್ಳೆಯ ಮಾತುಗಳೆಲ್ಲ ಬೇಡಿಕೆಯ ಪೀಠಿಕೆಯಂತೆ ತೋರುತ್ತವೆ. ಅತಿಯಾದ ಹೊಗಳಿಕೆಯೂ ಸಲ್ಲದು. ಒಂದು ಲೇಖನಿ ಕೊಟ್ಟವರನ್ನು ಕರ್ಣನಿಗೆ ಹೋಲಿಸಿದರೆ, ಓದಿದವರಿಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾದೀತು. ನಾಲ್ಕು ಸಾಲು ಸಾಕು. ಆದರೆ ಆ ನಾಲ್ಕು ಸಾಲುಗಳು ಅವರಿಗಾಗಿಯೇ ಬರೆದಂತಿರಬೇಕು.

ಹಣವು ಉಡುಗೊರೆಯಾಗಿ ಬಂದಾಗ, ಮೊತ್ತವನ್ನು ಕೊಂಡಾಡುವುದಕ್ಕಿಂತ ಅದರಿಂದ ಏನು ಕೊಳ್ಳಲಾಯಿತೆಂದು ತಿಳಿಸುವುದು ಮೇಲು. ‘ನೀವು ಕಳುಹಿಸಿದ ಹಣದಿಂದ ನಿಘಂಟನ್ನು ಕೊಂಡೆನು’ ಎಂಬ ಒಂದು ವಾಕ್ಯವು, ಕೊಟ್ಟವರ ಕಣ್ಣಿಗೆ ಹಣದ ಜಾಗದಲ್ಲಿ ಒಂದು ಪುಸ್ತಕವನ್ನು ತಂದಿಡುತ್ತದೆ. ಇಬ್ಬರು ಸೇರಿ ಕೊಟ್ಟಿದ್ದರೆ ಇಬ್ಬರನ್ನೂ ಹೆಸರಿಸಬೇಕು. ಹಲವರು ಬೇರೆ ಬೇರೆಯಾಗಿ ಕೊಟ್ಟಿದ್ದರೆ ಬೇರೆ ಬೇರೆಯಾಗಿಯೇ ಬರೆಯಬೇಕು. ಒಂದೇ ಮಾತನ್ನು ಅಚ್ಚು ಹಾಕಿಸಿ ಎಲ್ಲರಿಗೂ ಹಂಚಿದರೆ ಅದು ಪ್ರಕಟಣೆಯಾಗುತ್ತದೆಯೇ ಹೊರತು ಪತ್ರವಾಗುವುದಿಲ್ಲ. ಮದುವೆಯ ಆಮಂತ್ರಣದಲ್ಲಿ ‘ನಿಮ್ಮ ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸುವವರೂ ಉಂಟು. ಹಾಗಿದ್ದರೂ ದೂರದಿಂದ ಪ್ರಯಾಣ ಮಾಡಿ ಬಂದು ಹರಸಿದವರಿಗೆ, ಅವರು ಬಂದುದರಿಂದಾದ ಸಂತೋಷವನ್ನು ತಿಳಿಸುವುದು ಉಚಿತ.

ಕೆಲವು ವೇಳೆ ಬಂದ ಉಡುಗೊರೆಯನ್ನು ಇಟ್ಟುಕೊಳ್ಳಲಾಗದ ಸಂದರ್ಭವೂ ಬರುತ್ತದೆ. ಗಾಂಧೀಜಿಯವರ ಜೀವನದಲ್ಲಿ ಇಂತಹ ಒಂದು ಪ್ರಸಂಗವಿದೆ. ದಕ್ಷಿಣ ಆಫ್ರಿಕದಲ್ಲಿ ಭಾರತೀಯರ ಸೇವೆ ಮಾಡಿ, 1901ರಲ್ಲಿ ಅವರು ಸ್ವದೇಶಕ್ಕೆ ಹೊರಟಾಗ ಅಲ್ಲಿಯ ಜನರು ಚಿನ್ನ, ವಜ್ರಗಳ ಬೆಲೆಬಾಳುವ ಒಡವೆಗಳನ್ನು ಕಾಣಿಕೆಯಾಗಿ ಕೊಟ್ಟರು. ಕಸ್ತೂರಿಬಾ ಅವರಿಗೂ ಒಂದು ಚಿನ್ನದ ಹಾರ ಬಂದಿತ್ತು. ಜನಸೇವೆಗೆ ಪ್ರತಿಫಲವನ್ನು ಪಡೆಯಬಹುದೇ ಎಂಬ ಪ್ರಶ್ನೆಯಿಂದ ಗಾಂಧೀಜಿಯವರಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ ಆ ಒಡವೆಗಳನ್ನು ಅಲ್ಲಿಯ ಭಾರತೀಯರ ಹಿತಕ್ಕಾಗಿ ಒಂದು ನಿಧಿಯಾಗಿ ಮಾಡಬೇಕೆಂದು ನಿಶ್ಚಯಿಸಿ, ಪಾರ್ಸಿ ರುಸ್ತುಮಜಿ ಮೊದಲಾದವರನ್ನು ಧರ್ಮದರ್ಶಿಗಳನ್ನಾಗಿ ಹೆಸರಿಸಿ ಪತ್ರವನ್ನು ಸಿದ್ಧಪಡಿಸಿದರು. ಕಸ್ತೂರಿಬಾ ಅವರು ಸುಲಭವಾಗಿ ಒಪ್ಪಲಿಲ್ಲ. ಮನೆಯಲ್ಲಿ ಬಿರುಸಾದ ಮಾತುಗಳೇ ನಡೆದುವೆಂದು ಗಾಂಧೀಜಿಯವರೇ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಉಡುಗೊರೆಯನ್ನು ಇಟ್ಟುಕೊಳ್ಳದಿದ್ದರೂ ಅವರು ಕೊಟ್ಟವರಿಗೆ ಉತ್ತರ ಕೊಡದೆ ಬಿಡಲಿಲ್ಲ. ಕೊಟ್ಟವರ ಪ್ರೀತಿಯನ್ನು ಅವರದೇ ಒಳಿತಿಗೆ ತಿರುಗಿಸಿದರು. ಬೇಡವೆನ್ನಬೇಕಾದಾಗಲೂ ಕೊಟ್ಟವರ ಮನಸ್ಸಿಗೆ ಗೌರವ ಸಲ್ಲಬೇಕೆಂಬುದು ಇದರಿಂದ ತಿಳಿಯುತ್ತದೆ.

ಬೇರೆ ಬೇರೆ ನಾಡುಗಳ ಜನರು ಈ ಕರ್ತವ್ಯವನ್ನು ತಮ್ಮ ತಮ್ಮ ರೀತಿಯಲ್ಲಿ ನಡೆಸುತ್ತಾರೆ. ಇಂಗ್ಲೆಂಡಿನ ಅನೇಕ ಮನೆಗಳಲ್ಲಿ ಕ್ರಿಸ್‌ಮಸ್ ಹಬ್ಬವು ಕಳೆದೊಡನೆ ಮಕ್ಕಳನ್ನು ಮೇಜಿನ ಮುಂದೆ ಕೂರಿಸಿ, ಉಡುಗೊರೆ ಕೊಟ್ಟ ಅಜ್ಜ, ಅತ್ತೆ, ಚಿಕ್ಕಪ್ಪಂದಿರಿಗೆ ಒಬ್ಬೊಬ್ಬರಿಗೂ ಪತ್ರ ಬರೆಯಿಸುವ ವಾಡಿಕೆಯು ಬಹುಕಾಲ ನಡೆದುಬಂದಿತು. ಜಪಾನಿನಲ್ಲಿ ಮದುವೆ, ಶಿಶುಜನನ ಮೊದಲಾದ ಸಂದರ್ಭಗಳಲ್ಲಿ ಪಡೆದ ಉಡುಗೊರೆಗೆ ಪ್ರತಿಯಾಗಿ ಸುಮಾರು ಅರ್ಧ ಬೆಲೆಯ ವಸ್ತುವನ್ನು ಹಿಂದಕ್ಕೆ ಕಳುಹಿಸುವ ಸಂಪ್ರದಾಯವಿದೆ. ಅದಕ್ಕೆ ‘ಒಕಾಯೆಶಿ’ ಎಂದು ಹೆಸರು. ಅಲ್ಲಿಯ ಸಂಪ್ರದಾಯಬದ್ಧವಾದ ವಂದನೆಯ ಪತ್ರವು ಋತುವನ್ನು ಕುರಿತ ಒಂದು ಮಾತಿನಿಂದ ಆರಂಭವಾಗುತ್ತದೆ. ಹೂವು ಅರಳಿದುದನ್ನೋ ಮಳೆ ಹಿಡಿದುದನ್ನೋ ಹೇಳಿ, ಬಳಿಕ ಕ್ಷೇಮವನ್ನು ವಿಚಾರಿಸಿ, ಆಮೇಲೆ ಉಡುಗೊರೆಯ ಮಾತಿಗೆ ಬರುತ್ತಾರೆ. ಕನ್ನಡದ ಹಳೆಯ ಪತ್ರಗಳು ನಮಸ್ಕಾರದಿಂದಲೂ ಕ್ಷೇಮಸಮಾಚಾರದಿಂದಲೂ ಆರಂಭವಾಗುತ್ತಿದ್ದುದಕ್ಕೂ ಇದಕ್ಕೂ ಹೋಲಿಕೆಯಿದೆ. ವಸ್ತುವಿಗಿಂತ ಮೊದಲು ಮನುಷ್ಯರನ್ನು ವಿಚಾರಿಸಬೇಕೆಂಬುದೇ ಎರಡರ ಭಾವ.

ಉತ್ತರವನ್ನು ಯಾವಾಗ ಕೊಡಬೇಕು? ಉಡುಗೊರೆ ತಲುಪಿದ ಕೆಲವೇ ದಿನಗಳಲ್ಲಿ ಎಂಬುದು ಎಲ್ಲರೂ ಒಪ್ಪುವ ಮಾತು. ತಡವಾದಷ್ಟೂ ಬರೆಯುವುದು ಕಷ್ಟವಾಗುತ್ತದೆ. ಏಕೆಂದರೆ ಕೃತಜ್ಞತೆಯ ಜೊತೆಗೆ ಕ್ಷಮೆಯನ್ನೂ ಬರೆಯಬೇಕಾಗುತ್ತದೆ. ಆದರೆ ತಡವಾಯಿತೆಂಬ ಕಾರಣದಿಂದ ಬರೆಯದೆಯೇ ಇದ್ದುಬಿಡುವುದು ಒಂದು ತಪ್ಪಿಗೆ ಇನ್ನೊಂದನ್ನು ಸೇರಿಸಿದಂತೆ. ಕೆಲವು ಉಡುಗೊರೆಗಳ ಬೆಲೆಯಂತೂ ಪಡೆದವರಿಗೆ ಗೊತ್ತಾಗುವುದೇ ವರ್ಷಗಳು ಉರುಳಿದ ಮೇಲೆ. ಗುರುಗಳು ಕೊಡುವ ವಿದ್ಯೆಯು ಅಂತಹುದು.

ಫ್ರೆಂಚ್ ಭಾಷೆಯ ಲೇಖಕರಾದ ಆಲ್ಬೆರ್ ಕಮೂ ಅವರ ಬಾಳಿನಲ್ಲಿ ಇದಕ್ಕೆ ಒಂದು ನಿದರ್ಶನವಿದೆ. ಅವರು 1913ರಲ್ಲಿ ಆಲ್ಜೀರಿಯದ ಒಂದು ಬಡ ಕುಟುಂಬದಲ್ಲಿ ಹುಟ್ಟಿದರು. ಮರುವರ್ಷವೇ ತಂದೆ ಯುದ್ಧದಲ್ಲಿ ಮಡಿದರು. ಓದುಬರಹ ಬಾರದ ತಾಯಿ ಇತರರ ಮನೆಗಳಲ್ಲಿ ಕೆಲಸ ಮಾಡಿ ಮಕ್ಕಳನ್ನು ಸಾಕಿದರು. ಪ್ರಾಥಮಿಕ ಶಾಲೆ ಮುಗಿದೊಡನೆ ಹುಡುಗನನ್ನು ದುಡಿಮೆಗೆ ಹಚ್ಚಬೇಕೆಂಬುದು ಮನೆಯ ಹಿರಿಯಳಾದ ಅಜ್ಜಿಯ ಎಣಿಕೆ. ಆಗ ಲೂಯಿ ಜೆರ್ಮೇನ್ ಎಂಬ ಉಪಾಧ್ಯಾಯರು ಅಜ್ಜಿಯ ಮನಸ್ಸನ್ನು ಒಲಿಸಿ, ಹುಡುಗನಿಗೆ ಹಣ ಪಡೆಯದೆ ಹೆಚ್ಚಿನ ಪಾಠಗಳನ್ನು ಹೇಳಿಕೊಟ್ಟು, 1924ರಲ್ಲಿ ವಿದ್ಯಾರ್ಥಿವೇತನದ ಪರೀಕ್ಷೆಗೆ ಸಿದ್ಧಗೊಳಿಸಿದರು. 1957ರಲ್ಲಿ ಕಮೂ ಅವರಿಗೆ ಸಾಹಿತ್ಯದ ನೊಬೆಲ್ ಪಾರಿತೋಷಕವು ದೊರೆಯಿತು. ಎಲ್ಲ ಕಡೆಗಳಿಂದಲೂ ಅಭಿನಂದನೆಗಳು ಬರುತ್ತಿದ್ದ ಆ ದಿನಗಳಲ್ಲಿ, ನವೆಂಬರ್ 19ರಂದು, ಅವರು ತಮ್ಮ ಹಳೆಯ ಉಪಾಧ್ಯಾಯರಿಗೆ ಒಂದು ಚಿಕ್ಕ ಪತ್ರವನ್ನು ಬರೆದರು. ಸುದ್ದಿ ತಿಳಿದಾಗ ತಾಯಿಯ ನಂತರ ಮೊದಲು ನೆನಪಾದವರು ಉಪಾಧ್ಯಾಯರೇ ಎಂದೂ, ಬಡ ಹುಡುಗನಿಗೆ ಅಂದು ಅವರು ಕೈ ನೀಡದಿದ್ದರೆ ಇದಾವುದೂ ನಡೆಯುತ್ತಿರಲಿಲ್ಲವೆಂದೂ ಅದರಲ್ಲಿ ತಿಳಿಸಿದರು. ಉಪಾಧ್ಯಾಯರ ಉಪಕಾರಕ್ಕೂ ಈ ಪತ್ರಕ್ಕೂ ನಡುವೆ 33 ವರ್ಷಗಳು ಕಳೆದಿದ್ದುವು. ಎರಡು ವರ್ಷಗಳು ತುಂಬಿದ ಸ್ವಲ್ಪ ಕಾಲದಲ್ಲಿಯೇ, 1960ರ ಜನವರಿಯಲ್ಲಿ ಒಂದು ಮೋಟಾರು ಅಪಘಾತದಲ್ಲಿ, ಕಮೂ ತೀರಿಕೊಂಡರು. ತಮ್ಮ ಕೆಲಸವು ಫಲಿಸಿತೆಂದು ಶಿಷ್ಯನ ಕೈಬರಹದಲ್ಲಿಯೇ ಓದುವ ಭಾಗ್ಯವು ಆ ಉಪಾಧ್ಯಾಯರಿಗೆ ಆ ವೇಳೆಗೆ ದೊರೆತಾಗಿತ್ತು. ಅಂದು ಬರೆಯದೆ ಮುಂದೂಡಿದ್ದರೆ ಅದು ದೊರೆಯುತ್ತಿದ್ದಿತೋ ಇಲ್ಲವೋ!

ಈಚಿನ ದಿನಗಳಲ್ಲಿ ಮೊಬೈಲ್ ದೂರವಾಣಿಯು ಎಲ್ಲರ ಕೈಗೂ ಬಂದಿದೆ. ಉಡುಗೊರೆ ಕೈ ಸೇರಿದ ಕ್ಷಣದಲ್ಲಿಯೇ ಸುದ್ದಿಯನ್ನು ಮುಟ್ಟಿಸಬಹುದು. ಇದು ದೊಡ್ಡ ಅನುಕೂಲ. ತಲುಪಿತೋ ಇಲ್ಲವೋ ಎಂಬ ಕಳವಳ ಈಗ ಯಾರಿಗೂ ಬೇಕಾಗಿಲ್ಲ. ಆದರೆ ಬೆರಳ ತುದಿಯಿಂದ ಒತ್ತಿ ಕಳುಹಿಸುವ, ಎಲ್ಲರಿಗೂ ಒಂದೇ ಬಗೆಯಾದ ಕೈಮುಗಿದ ಚಿತ್ರವು ‘ತಲುಪಿತು’ ಎಂಬುದನ್ನು ಮಾತ್ರ ಹೇಳುತ್ತದೆ. ಏನು ತಲುಪಿತು, ಅದರಿಂದ ಏನಾಯಿತು, ಅದರ ಹಿಂದೆ ಯಾರ ಶ್ರಮವಿದೆಯೆಂಬುದನ್ನು ಪಡೆದವನು ಅರಿತಿದ್ದಾನೆಯೇ—ಇವುಗಳಿಗೆ ಉತ್ತರವನ್ನು ಅವನ ಸ್ವಂತ ಮಾತುಗಳೇ ಕೊಡಬೇಕು. ಅವು ಕಾಗದದ ಮೇಲಿರಲಿ, ಮೊಬೈಲಿನಲ್ಲಿರಲಿ, ಮಾತುಗಳು ಅವನವೇ ಆಗಿರಬೇಕು. ಆದರೂ ಕೈಯಿಂದ ಬರೆದ ಕಾಗದಕ್ಕೆ ಒಂದು ಹೆಚ್ಚಳವುಂಟು. ಅದನ್ನು ಮಡಿಸಿ ಇಟ್ಟುಕೊಂಡು, ಬೇಕೆನಿಸಿದಾಗ ಮತ್ತೆ ತೆಗೆದು ಓದಬಹುದು.

ಕೊಡುವವರಿಗೂ ಒಂದು ಮಾತು ಅನ್ವಯಿಸುತ್ತದೆ. ವಂದನೆಯನ್ನು ನಿರೀಕ್ಷಿಸಿ ಕೊಟ್ಟದ್ದು ಉಡುಗೊರೆಯಲ್ಲ, ವ್ಯಾಪಾರ. ಆದರೆ ತಲುಪಿತೇ ಎಂದು ವಿಚಾರಿಸುವುದು ವಂದನೆಯನ್ನು ಬೇಡಿದಂತಲ್ಲ. ಮೇಲಿನ ಸಂದರ್ಭದಲ್ಲಿ ಮಾವನವರು ಒಂದು ಕಾರ್ಡನ್ನು ಬರೆದಿದ್ದರೆ, ಹುಡುಗನ ಸಂಕೋಚವು ಇನ್ನೂ ಬೇಗ ಕರಗುತ್ತಿತ್ತು.

ಹುಡುಗನ ಪತ್ರವು ದೆಹಲಿಗೆ ತಲುಪಿ, ಹತ್ತು ದಿನಗಳಲ್ಲಿ ಅತ್ತೆಯವರಿಂದ ಉತ್ತರ ಬಂದಿತು. ಅದರಲ್ಲಿ ಹೀಗೆ ಬರೆದಿತ್ತು: “ಚಿರಂಜೀವಿಗೆ ಆಶೀರ್ವಾದಗಳು. ಗಂಟು ಕಳೆದೇ ಹೋಯಿತೆಂದು ನಿನ್ನ ಮಾವ ಎರಡು ಸಲ ಅಂಚೆ ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬಂದರು. ನಿನ್ನ ಕಾಗದ ನೋಡಿ ನೆಮ್ಮದಿಯಾಯಿತು. ತೋಳು ಗಿಡ್ಡವಾಯಿತೆಂದು ಬೇಸರಪಡಬೇಡ. ಹುಡುಗ ಬೆಳೆದನಲ್ಲ, ಅದಕ್ಕಿಂತ ಬೇರೆ ಏನು ಬೇಕು? ಅದು ತಮ್ಮನಿಗೇ ಇರಲಿ. ಒಂದು ದಾರ ಹಿಡಿದು ನಿನ್ನ ತೋಳಿನ ಅಳತೆ ತೆಗೆದು, ಆ ದಾರವನ್ನು ಮುಂದಿನ ಕಾಗದದೊಳಗೆ ಇಟ್ಟು ಕಳುಹಿಸು. ಉಣ್ಣೆ ಇನ್ನೂ ಉಳಿದಿದೆ.”